ಅನೂರುವಿನ ತೊಡೆ

ಐದು ತಿಂಗಳು ತುಂಬಿದ ಗರ್ಭದ ಕೂಸು ಒಂದು ಬೊಗಸೆಯಲ್ಲಿ ಹಿಡಿಸುತ್ತದೆ. ಇಪ್ಪತ್ತನೆಯ ವಾರದಲ್ಲಿ ಅದರ ತೂಕ ಸುಮಾರು 300ರಿಂದ 350 ಗ್ರಾಂ. ತೊಡೆಯ ಮೂಳೆ 33 ಮಿಲಿಮೀಟರಿನ ಆಸುಪಾಸು. 18ರಿಂದ 22ನೆಯ ವಾರದೊಳಗೆ ಮಾಡುವ ಸ್ಕ್ಯಾನಿಂಗಿನಲ್ಲಿ ತಲೆಯ ಅಡ್ಡಗಲ, ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ ಈ ನಾಲ್ಕನ್ನು ಅಳೆದು, ಅವುಗಳಿಂದ ಕೂಸಿನ ತೂಕವನ್ನು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಒಂದೇ ವಯಸ್ಸಿನ ನೂರು ಕೂಸುಗಳನ್ನು ತೂಕದ ಕ್ರಮದಲ್ಲಿ ನಿಲ್ಲಿಸಿದರೆ ಕೊನೆಯ ಹತ್ತರೊಳಗೆ ಬರುವುದನ್ನು ‘ಚಿಕ್ಕದು’ ಎನ್ನುವುದು ವೈದ್ಯರ ರೂಢಿ. ಕೊನೆಯ ಮೂರರೊಳಗೆ ಬಿದ್ದರೆ ಆತಂಕ ಹೆಚ್ಚು.

ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಮೇಲಿರುವ ಸೋಮಂದೇಪಲ್ಲಿ ಆಂಧ್ರಪ್ರದೇಶದ ಒಂದು ಮಂಡಲ ಕೇಂದ್ರ. 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಗೆ ಸೇರಿದ್ದು, ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಒಂದು ಕಡೆ ಪೆನುಕೊಂಡ, ಇನ್ನೊಂದು ಕಡೆ ಹಿಂದೂಪುರ. ಗಡಿ ದಾಟಿದರೆ ಗೌರಿಬಿದನೂರು, ಮಧುಗಿರಿ, ಪಾವಗಡ. ಮಳೆ ಕಡಿಮೆಯ, ಕಡಲೆಕಾಯಿ–ರಾಗಿಯ ಈ ಸೀಮೆಯಲ್ಲಿ ತೆಲುಗೂ ಕನ್ನಡವೂ ಒಂದೇ ಜಗುಲಿಯ ಮೇಲೆ ಕೂತು ಮಾತಾಡುತ್ತವೆ. ಸ್ಕ್ಯಾನಿಂಗ್ ವರದಿಯ ಅಂಕಿ ಇಂಥ ಊರಿನ ಮನೆ ತಲುಪುವ ಹೊತ್ತಿಗೆ ‘ಕೂಸು ಬೆಳೆದಿಲ್ಲವಂತೆ’ ಎಂಬ ಮಾತಾಗಿರುತ್ತದೆ. ಅದರ ಬೆನ್ನಿಗೇ ‘ಯಾರ ಕರ್ಮವೋ’ ಎಂಬ ಮಾತು ಬರುತ್ತದೆ. ಅಳತೆಯ ಪ್ರಶ್ನೆ ಧರ್ಮದ ಪ್ರಶ್ನೆಯಾಗುವುದು ಅಲ್ಲಿ. ಇನ್ನೂ ಹುಟ್ಟದ, ಏನೂ ಮಾಡದ ಜೀವವೊಂದು ಹಿಂದುಳಿದರೆ ಅದಕ್ಕೆ ಹೊಣೆ ಯಾರು?

ಹೊಣೆಯ ಮಾತಿಗೆ ಮೊದಲು, ಕೂಸು ನಿಜಕ್ಕೂ ಚಿಕ್ಕದೇ ಎಂಬುದು ಗೊತ್ತಾಗಬೇಕು. ನಡುಗರ್ಭದಲ್ಲಿ ಅಳತೆ ಕಡಿಮೆ ಬರಲು ತೀರ ಸಾಮಾನ್ಯವಾದ ಕಾರಣ ದಿನಗಳ ಲೆಕ್ಕ ತಪ್ಪಿರುವುದು. ಕೊನೆಯ ಮುಟ್ಟಿನ ತಾರೀಖು ಕೇಳಿದರೆ ಹಳ್ಳಿಯ ಹೆಣ್ಣುಮಗಳು ಯುಗಾದಿ ಅಮಾವಾಸ್ಯೆಯ ಹಿಂದುಮುಂದು ಎಂದು ನೆನಪಿಸಿಕೊಂಡು ಹೇಳುತ್ತಾಳೆ. ಹದಿನೆಂಟನೆಯ ವಾರದ ಕೂಸಿನ ತೂಕ ಸುಮಾರು 220 ಗ್ರಾಂ. ಲೆಕ್ಕ ಹದಿನೈದು ದಿನ ತಪ್ಪಿ ಅದನ್ನು ಇಪ್ಪತ್ತು ವಾರದ್ದೆಂದು ಬರೆದುಕೊಂಡರೆ, ಪೂರ್ತಿ ಆರೋಗ್ಯವಾಗಿರುವ ಕೂಸು ಮೂರರಲ್ಲೊಂದು ಪಾಲು ತೂಕ ಕಳೆದುಕೊಂಡಂತೆ ಕಾಣುತ್ತದೆ. ಮೊದಲ ಮೂರು ತಿಂಗಳೊಳಗೆ ಒಮ್ಮೆ ಸ್ಕ್ಯಾನ್ ಆಗಿ, ನೆತ್ತಿಯಿಂದ ಪೃಷ್ಠದವರೆಗಿನ ಉದ್ದದಿಂದ ದಿನ ನಿಗದಿಯಾಗಿದ್ದರೆ ಈ ತಪ್ಪಿಗೆ ಎಡೆಯೇ ಇರುವುದಿಲ್ಲ. ಪಂಚಾಂಗದ ತಪ್ಪನ್ನು ಹೆಣ್ಣಿನ ಪಾಪವೆಂದು ಓದಿಕೊಳ್ಳುವುದು ದೊಡ್ಡ ಅನ್ಯಾಯ.

ದಿನ ಸರಿಯಾಗಿದ್ದೂ ಅಳತೆ ಕಡಿಮೆ ಬಂದರೆ, ಅಪ್ಪ ಅಮ್ಮ ಇಬ್ಬರೂ ಸಣ್ಣ ಮೈಕಟ್ಟಿನವರಾಗಿರಬಹುದು. ಕೂಸು ಚಿಕ್ಕದು, ಆದರೆ ತನ್ನ ದಾರಿಯಲ್ಲಿ ತಪ್ಪದೆ ಬೆಳೆಯುತ್ತಿರುತ್ತದೆ. ಕೆಲವು ಕೂಸುಗಳಲ್ಲಿ ಕ್ರೋಮೋಸೋಮಿನ ದೋಷವೋ ಗರ್ಭಕ್ಕೆ ತಗುಲಿದ ಸೋಂಕೋ ಇರುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ಮಾಸಿನ (ಪ್ಲಾಸೆಂಟಾ) ದೋಷದ್ದು. ಗರ್ಭಕೋಶದ ಗೋಡೆಯಲ್ಲಿ ಸುರುಳಿಯಾಗಿರುವ ಸಣ್ಣ ರಕ್ತನಾಳಗಳು ಗರ್ಭದ ಮೊದಲರ್ಧದಲ್ಲಿ ಅಗಲವಾಗಿ, ತಾಯಿಯ ರಕ್ತ ಮಾಸಿನೊಳಕ್ಕೆ ಧಾರಾಳವಾಗಿ ಹರಿಯುವಂತಾಗಬೇಕು. ಅವು ಕಿರಿದಾಗಿಯೇ ಉಳಿದರೆ ಕೂಸಿಗೆ ಆಹಾರವೂ ಆಮ್ಲಜನಕವೂ ಸಾಲದೆ ಹೋಗುತ್ತವೆ, ಕಾಲುವೆಯ ತೂಬು ಕಟ್ಟಿಕೊಂಡರೆ ಗದ್ದೆಯ ಕೊನೆಯ ಪೈರಿಗೆ ನೀರು ಮುಟ್ಟದಿರುವಂತೆ. ತಾಯಿಗೆ ರಕ್ತದೊತ್ತಡ ಏರುವ ಸಂಭವವೂ ಹೆಚ್ಚುತ್ತದೆ. ಕಾಲುವೆಯ ತೂಬು ಕಟ್ಟಿಕೊಂಡರೆ ಗದ್ದೆಯ ಕೊನೆಯ ಪೈರಿಗೆ ನೀರು ಮುಟ್ಟದಿರುವಂತೆ.

ನಡುಗರ್ಭದಲ್ಲಿ ಚಿಕ್ಕದೆಂದು ಕಂಡ ಕೂಸುಗಳಲ್ಲಿ ಬಹಳಷ್ಟು, ಬೇರೆ ದೋಷವಿಲ್ಲದಿದ್ದರೆ, ದಿನ ತುಂಬಿ ಸುಖವಾಗಿ ಹುಟ್ಟುತ್ತವೆ. ಆದರೆ ಇಡೀ ಗುಂಪನ್ನು ನೋಡಿದರೆ ಅಪಾಯ ಹೆಚ್ಚಿರುವುದು ನಿಜ. ಹೊಟ್ಟೆಯಲ್ಲೇ ಜೀವ ಹೋಗುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು, 2,500 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟುವುದು, ಹುಟ್ಟಿದ ಮೇಲೆ ಮೈ ತಣ್ಣಗಾಗುವುದು, ರಕ್ತದ ಸಕ್ಕರೆ ಇಳಿಯುವುದು, ಹಾಲು ಚೀಪಲು ತ್ರಾಣ ಸಾಲದಿರುವುದು ಇವೆಲ್ಲ ಇಂಥ ಕೂಸುಗಳಲ್ಲಿ ಹೆಚ್ಚು. ಚಿಕ್ಕದಾಗಿರುವುದು, ದಿನ ತುಂಬದಿರುವುದು ಎರಡೂ ಸೇರಿದಾಗ ಪರಿಸ್ಥಿತಿ ಎಲ್ಲಕ್ಕಿಂತ ಕಠಿಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ತೂಕ ದಾಖಲಾದ ಶಿಶುಗಳಲ್ಲಿ ಶೇಕಡಾ 18ರಷ್ಟು ಕಡಿಮೆ ತೂಕದವು. ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನತೆಯುಳ್ಳವರು.

ಇಷ್ಟು ದೊಡ್ಡ ಸಂಖ್ಯೆಯನ್ನು ಒಂದೊಂದು ಮನೆಯಲ್ಲೂ ಒಂದೊಂದು ಹಣೆಬರಹವೆಂದು ತಿಳಿಯುತ್ತಾರೆ. ಹುಟ್ಟಿದ ಆರನೆಯ ರಾತ್ರಿ ವಿಧಿ ಬಂದು ಹಣೆಯ ಮೇಲೆ ಬರೆಯುವುದೆಂಬ ನಂಬಿಕೆ ಕನ್ನಡ–ತೆಲುಗು ಸೀಮೆಗಳೆರಡಕ್ಕೂ ಸೇರಿದ್ದು. ಹಿಂದೂಪುರದಲ್ಲಿ ಮುಸ್ಲಿಂ ಮನೆಗಳೂ ಬಹಳ. ಪೆನುಕೊಂಡದ ಬಾಬಯ್ಯನ ದರ್ಗಾಕ್ಕೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ಮುಸ್ಲಿಮರ ಹದೀಸ್ ಪರಂಪರೆಯಲ್ಲಿ ಬರಹದ ಹೊತ್ತು ಇನ್ನೂ ಮುಂಚಿನದು: ಗರ್ಭ ನಿಂತ ನೂರಿಪ್ಪತ್ತು ದಿನಕ್ಕೆ ದೇವದೂತ ಬಂದು ಆತ್ಮವನ್ನು ಊದಿ, ಅನ್ನ, ಆಯಸ್ಸು, ನಡತೆ, ಸುಖದುಃಖಗಳನ್ನು ಬರೆಯುತ್ತಾನೆ. ವೈದ್ಯರ ಎಣಿಕೆಯಲ್ಲಿ ಅದು ಸರಿಸುಮಾರು ಹತ್ತೊಂಬತ್ತನೆಯ ವಾರ, ಸ್ಕ್ಯಾನಿಂಗ್ ನಡೆಯುವ ಹೊತ್ತು. ಹಾಗಿದ್ದೂ ಅದೇ ಧರ್ಮದ ಶಾಸ್ತ್ರಕಾರರು, ತನಗಾಗಲಿ ಕೂಸಿಗಾಗಲಿ ತೊಂದರೆಯಾದೀತೆಂದು ಅಂಜುವ ಬಸುರಿಗೆ ರಂಜಾನಿನ ಉಪವಾಸವನ್ನು ಮುಂದಕ್ಕೆ ಹಾಕುವ ಅನುಮತಿ ಕೊಟ್ಟಿದ್ದಾರೆ. ಬರಹ ನಂಬಿದವರೂ ತಾಯಿಯ ಊಟವನ್ನು ಬರಹಕ್ಕೆ ಬಿಟ್ಟುಕೊಡಲಿಲ್ಲ.

ಆಯುರ್ವೇದ ಈ ವಿಷಯದಲ್ಲಿ ಇನ್ನೂ ಖಚಿತ. ಬೆಳೆಯದ ಗರ್ಭವನ್ನು ಚರಕಸಂಹಿತೆಯ ಶಾರೀರಸ್ಥಾನ ಎರಡು ಹೆಸರಿನಿಂದ ಗುರುತಿಸುತ್ತದೆ: ಉಪವಿಷ್ಟಕ ಮತ್ತು ನಾಗೋದರ. ಗರ್ಭ ಬಲಿತ ಮೇಲೆ ರಕ್ತಸ್ರಾವವಾಗಿ ಬೆಳವಣಿಗೆ ನಿಂತರೆ ಉಪವಿಷ್ಟಕ. ಗರ್ಭ ಒಣಗಿ, ಬೆಳೆಯದೆ, ಮಿಸುಕಾಟವಿಲ್ಲದೆ ಬಹುಕಾಲ ಹೊಟ್ಟೆಯಲ್ಲೇ ಉಳಿದರೆ ನಾಗೋದರ. ನಾಗೋದರಕ್ಕೆ ಚರಕ ಕೊಡುವ ಕಾರಣಗಳಲ್ಲಿ ಮೊದಲು ಬರುವುದೇ ಉಪವಾಸ ಮತ್ತು ವ್ರತಾಚರಣೆ; ಆಮೇಲೆ ಕೆಟ್ಟ ಆಹಾರ, ಎಣ್ಣೆ–ತುಪ್ಪದ ಜಿಡ್ಡನ್ನು ದೂರವಿಡುವುದು. ಚಿಕಿತ್ಸೆಯಾಗಿ ಹೇಳುವುದು ಹಾಲು, ತುಪ್ಪ ಮುಂತಾದ ಪುಷ್ಟಿಯ ಆಹಾರ. ಶಾಂತಿ ಮಾಡಿಸಿ ವ್ರತ ಹಿಡಿಯಿರಿ ಎಂದು ಬಸುರಿಗೆ ಹೇಳುವ ಹಿರಿಯರು ಪರಂಪರೆಯ ಮಾತಾಡುತ್ತಿದ್ದೇವೆಂದು ತಿಳಿದಿರುತ್ತಾರೆ. ಪರಂಪರೆಯ ಪ್ರಮಾಣಗ್ರಂಥವೇ ಆ ವ್ರತವನ್ನು ರೋಗದ ಕಾರಣವೆಂದು ಬರೆದಿಟ್ಟಿದೆ. ಗ್ರಹಣದ ದಿನ ಬಸುರಿಯನ್ನು ಹನಿ ನೀರಿಲ್ಲದೆ ಕೂಡಿಹಾಕುವ ಮನೆಗಳಲ್ಲಿ ಈ ಮಾತನ್ನು ಗಟ್ಟಿಯಾಗಿ ಓದಬೇಕು.

ಉಣ್ಣದಿರುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಮಾನವಶಾಸ್ತ್ರಜ್ಞರಾದ ಮಾರ್ಕ್ ಮತ್ತು ಮಿಮಿ ನಿಕ್ಟರ್ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಕೇಳಿ ತಿಳಿದು 1983ರಲ್ಲಿ ಪ್ರಕಟಿಸಿದ ಬರಹದಲ್ಲಿ ಇನ್ನೊಂದು ತರ್ಕ ದಾಖಲಾಗಿದೆ. ಹೊಟ್ಟೆ ಒಂದೇ, ಅನ್ನಕ್ಕೂ ಕೂಸಿಗೂ ಅದೇ ಜಾಗ. ಹೆಚ್ಚು ಉಂಡರೆ ಕೂಸಿಗೆ ಎಡೆ ಸಾಲದು. ಕೂಸು ತೀರ ದೊಡ್ಡದಾದರೆ ಹೆರಿಗೆ ಕಷ್ಟ ಎಂಬ ಅಂಜಿಕೆಯೂ ಅನೇಕ ಕಡೆ ಇದೆ. ಆಸ್ಪತ್ರೆ ದೂರವಿದ್ದು, ಹೆರಿಗೆಯಲ್ಲಿ ಹೆಂಗಸರು ಸಾಯುತ್ತಿದ್ದ ಕಾಲದಲ್ಲಿ ಆ ಅಂಜಿಕೆಗೆ ಅರ್ಥವಿತ್ತು. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಬದುಕಿ ಉಳಿಯಲು ಹೆಂಗಸರು ತಾವೇ ಕಂಡುಕೊಂಡ ಉಪಾಯವದು ಎಂಬುದನ್ನು ಒಪ್ಪಿಕೊಂಡರೆ ಮಾತ್ರ ಅವರೊಡನೆ ಮಾತು ಮುಂದುವರಿಯುತ್ತದೆ.

ಕರ್ಮದ ಪ್ರಶ್ನೆಗೆ ಚರಕ ನೇರವಾಗಿಯೇ ಮುಖಾಮುಖಿಯಾಗುತ್ತಾನೆ. ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಶಿಷ್ಯ ಅಗ್ನಿವೇಶ, ಆಯಸ್ಸು ಮೊದಲೇ ಗೊತ್ತಾದದ್ದೋ ಅಲ್ಲವೋ ಎಂದು ಗುರು ಆತ್ರೇಯನನ್ನು ಕೇಳುತ್ತಾನೆ. ಹಿಂದಿನ ಜನ್ಮದಲ್ಲಿ ಮಾಡಿದ್ದು ದೈವ, ಈ ಜನ್ಮದಲ್ಲಿ ಮಾಡುವುದು ಪುರುಷಕಾರ. ಎರಡರ ಬಲಾಬಲದ ಮೇಲೆ ಆಯಸ್ಸು ನಿಂತಿದೆ, ದುರ್ಬಲವಾದ ದೈವವನ್ನು ಬಲವಾದ ಪುರುಷಕಾರ ಗೆಲ್ಲುತ್ತದೆ ಎಂಬುದು ಉತ್ತರ. ಎಲ್ಲವೂ ನಿಗದಿಯಾಗಿದ್ದರೆ ಮದ್ದೂ ಬೇಡ, ಮಂತ್ರವೂ ಬೇಡ, ಹಾವು ಕಂಡರೆ ಯಾರೂ ಓಡಬೇಕಾಗಿಲ್ಲ ಎಂಬ ಧಾಟಿಯಲ್ಲಿ ವಾದ ಸಾಗುತ್ತದೆ. ಅಲ್ಲಿ ಬರುವ ಉಪಮೆ ಗಾಡಿಯ ಅಚ್ಚಿನದು. ಒಳ್ಳೆಯ ಮರದ ಅಚ್ಚು ತನ್ನ ಕಾಲದವರೆಗೆ ಬಾಳಿ ಸವೆಯುತ್ತದೆ. ಅದೇ ಅಚ್ಚು ಹೊರೆ ಹೆಚ್ಚಾದರೆ, ದಾರಿ ಕೆಟ್ಟರೆ, ಹೊಡೆಯುವವನಿಗೆ ಬಾರದಿದ್ದರೆ, ಎಣ್ಣೆ ಹಾಕದಿದ್ದರೆ ನಡುದಾರಿಯಲ್ಲೇ ಮುರಿಯುತ್ತದೆ. ಏಳನೆಯ ತಿಂಗಳಲ್ಲೂ ಕಡಲೆಕಾಯಿ ಹೊಲದಲ್ಲಿ ಬಗ್ಗಿ ಕೀಳುವ, ಸಂಜೆ ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ಹೆಂಗಸಿನ ವಿಷಯದಲ್ಲಿ ಈ ಉಪಮೆಗೆ ವ್ಯಾಖ್ಯಾನ ಬೇಕಿಲ್ಲ. ಮುರಿದ ಅಚ್ಚನ್ನು ಹಿಡಿದುಕೊಂಡು ಮರದ ಪೂರ್ವಜನ್ಮವನ್ನು ವಿಚಾರಿಸುವ ಮೊದಲು ಹೊರೆ ಹೇರಿದವರು ಯಾರೆಂದು ಕೇಳುವುದು ನ್ಯಾಯ.

ಹಾಗೆಂದು ‘ಪೂರ್ವಜನ್ಮ’ ಎಂಬ ಮಾತು ಪೂರ್ತಿ ಪೊಳ್ಳಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ (ಜನ ಅದನ್ನು ಮಿಷನ್ ಆಸ್ಪತ್ರೆ ಎನ್ನುತ್ತಾರೆ) 1934ರಿಂದಲೂ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಫ್ತರದಲ್ಲಿ ಬರೆದಿಡುತ್ತಿದ್ದರು. ಆ ಹಳೆಯ ಪುಟಗಳಲ್ಲಿದ್ದ ಶಿಶುಗಳನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ತೆಗೆದು ಪರೀಕ್ಷಿಸಿದಾಗ, ಚಿಕ್ಕದಾಗಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚೆಂದು 1996ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಮಂಡಿಸಿದ್ದ ಇದೇ ವಾದಕ್ಕೆ ಕನ್ನಡ ನಾಡಿನ ದಫ್ತರವೊಂದು ಸಾಕ್ಷಿ ನುಡಿಯಿತು. ಪುಣೆಯ ಸುತ್ತಲಿನ ಹಳ್ಳಿಗಳ ಅಧ್ಯಯನದಲ್ಲಿ, ಯೂರೋಪಿನ ಕೂಸುಗಳಿಗೆ ಹೋಲಿಸಿದರೆ ಇಲ್ಲಿನವು ಹದಿನೆಂಟನೆಯ ವಾರದ ಸ್ಕ್ಯಾನಿಂಗಿನಲ್ಲೇ ಹಿಂದೆ ಬಿದ್ದಿದ್ದವು, ಹೊಟ್ಟೆಯ ಸುತ್ತಳತೆಯಲ್ಲಂತೂ ಎದ್ದು ಕಾಣುವಷ್ಟು. ಸೊಪ್ಪು, ಹಣ್ಣು, ಹಾಲು ಹೆಚ್ಚಾಗಿ ತಿಂದ ತಾಯಂದಿರ ಶಿಶುಗಳು ದೊಡ್ಡವಾಗಿದ್ದವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ತಾಯಿಯ ಮೈಯಲ್ಲಿ ಬಿ12 ಜೀವಸತ್ವ ಕಡಿಮೆಯಿರುವುದಕ್ಕೂ ಗರ್ಭದ ಬೆಳವಣಿಗೆ ಕುಂಠಿತವಾಗುವುದಕ್ಕೂ ನಂಟು ಕಂಡರು.

ಹದಿನೆಂಟನೆಯ ವಾರಕ್ಕೇ ಕೂಸು ಹಿಂದುಳಿದಿದ್ದರೆ ಕಾರಣ ಆ ನಾಲ್ಕು ತಿಂಗಳಿಗಿಂತ ಹಿಂದೆಯೂ ಇರಬಹುದು: ತಾಯಿ ಗರ್ಭಿಣಿಯಾಗುವ ಮುಂಚಿನ ತೂಕದಲ್ಲಿ, ಅವಳ ಹರೆಯದಲ್ಲಿ, ಬೆಳೆಯುತ್ತಿರುವ ಮೈಯಲ್ಲೇ ಬಸುರಾದ ಅವಳ ವಯಸ್ಸಿನಲ್ಲಿ. ಇನ್ನೂ ಹಿಂದೆ ಹೋಗಬಹುದು. ಹೆಣ್ಣು ಕೂಸು ಐದು ತಿಂಗಳಿಗೆ ಬಂದಾಗ ಅದರ ಅಂಡಾಶಯದಲ್ಲಿ ಅರವತ್ತು ಎಪ್ಪತ್ತು ಲಕ್ಷ ಅಂಡಕಣಗಳು ಆಗಲೇ ಇರುತ್ತವೆ. ಆಮೇಲೆ ಆ ಸಂಖ್ಯೆ ಇಳಿಯುತ್ತಾ ಹೋಗುತ್ತದೆ. ಎಂದರೆ ಇವತ್ತು ಹಿಂದೂಪುರದ ಸ್ಕ್ಯಾನಿಂಗ್ ಪರದೆಯ ಮೇಲೆ ಕಾಣುವ ಕೂಸಿನ ಬೀಜ ಅದರ ಅಜ್ಜಿಯ ಬಸುರಿನಲ್ಲಿತ್ತು, ಅಜ್ಜಿ ಬರಗಾಲದ ವರ್ಷ ಗಂಜಿ ಕುಡಿದು ಬದುಕಿದಾಗಲೂ. ಹಿಂದಿನ ಜನ್ಮದ ಫಲ ಈ ಜನ್ಮದಲ್ಲಿ ಉಣ್ಣುವುದೆಂದರೆ ಮೈಯ ಮಟ್ಟಿಗೆ ಹೀಗೆ. ಆದರೆ ಇದರಲ್ಲಿ ಪಾಪ ಮಾಡಿದವರು ಸಿಗುವುದಿಲ್ಲ, ಹಸಿದವರು ಸಿಗುತ್ತಾರೆ. ಕರ್ಮಸಿದ್ಧಾಂತವನ್ನು ನಂಬುವವರು ಈ ಕೂಸಿನ ಮುಂದೆ ಅದನ್ನು ಶಿಕ್ಷೆಯ ಸಿದ್ಧಾಂತವಾಗಿ ಬಳಸದೆ ಋಣದ ಸಿದ್ಧಾಂತವಾಗಿ ಬಳಸಬಹುದು. ಮೂರು ತಲೆಮಾರಿನ ಹೆಂಗಸರಿಗೆ ಬಾಕಿ ಉಳಿದ ಅನ್ನ ಒಂದು ಋಣ.

ಆ ಋಣವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದೇ ಒಂದು ವಿವಾದ. ಇಂಟರ್‌ಗ್ರೋತ್-21 ಎಂಬ ಅಧ್ಯಯನ ಎಂಟು ದೇಶಗಳ ಎಂಟು ಕಡೆ, ನಮ್ಮ ನಾಗಪುರವೂ ಸೇರಿ, ಚೆನ್ನಾಗಿ ಉಂಡುಟ್ಟ ಆರೋಗ್ಯವಂತ ತಾಯಂದಿರ ಗರ್ಭವನ್ನು ಅಳೆದು, ಕೂಸುಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಥರ ಬೆಳೆಯುತ್ತವೆಂದು 2014ರಲ್ಲಿ ಹೇಳಿತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಕ್ಷೆ ಬಂದಾಗ ದೇಶದಿಂದ ದೇಶಕ್ಕೆ ವ್ಯತ್ಯಾಸ ಕಂಡಿತು. ಇದು ಬರೀ ಗಣಿತದ ಜಗಳವಲ್ಲ. ಲೋಕಕ್ಕೆಲ್ಲ ಒಂದೇ ಗೆರೆ ಎಂದರೆ ಹುಟ್ಟಾ ಸಣ್ಣ ಮೈಯ ಆರೋಗ್ಯವಂತ ಕೂಸಿಗೂ ರೋಗದ ಹಣೆಪಟ್ಟಿ ಬೀಳುತ್ತದೆ, ತಾಯಿಗೆ ನಾಲ್ಕು ತಿಂಗಳ ನಿದ್ದೆ ಹೋಗುತ್ತದೆ. ಊರಿಗೊಂದು ಗೆರೆ ಎಂದರೆ ಹಸಿವೇ ಸಹಜವಾಗಿಬಿಡುತ್ತದೆ. ‘ನಮ್ಮ ಕಡೆ ಮಕ್ಕಳು ಇಷ್ಟೇ’ ಎಂಬ ಸಮಾಧಾನದಡಿ ಅನ್ಯಾಯ ಮುಚ್ಚಿಹೋಗುತ್ತದೆ. ಎರಡರಲ್ಲಿ ಎರಡನೆಯ ತಪ್ಪು ಹೆಚ್ಚು ಕೆಟ್ಟದ್ದು, ಏಕೆಂದರೆ ಮೊದಲನೆಯದನ್ನು ಹದಿನೈದು ದಿನ ಅಥವಾ ತಿಂಗಳು ಬಿಟ್ಟು ಮಾಡುವ ಇನ್ನೊಂದು ಸ್ಕ್ಯಾನ್ ತಿದ್ದಬಲ್ಲದು. ಒಂದು ಅಳತೆ ಕೂಸಿನ ಗಾತ್ರ ಹೇಳುತ್ತದೆ. ಬೆಳೆಯುತ್ತಿದೆಯೇ ಎಂಬುದನ್ನು ಹೇಳಲು ಎರಡು ಅಳತೆ ಬೇಕು.

ಬೆಳವಣಿಗೆ ನಿಂತೇಹೋದಾಗ ಬರುವ ಪ್ರಶ್ನೆ ಅತ್ಯಂತ ಕಠಿಣ. ಹೊಟ್ಟೆಯಲ್ಲೇ ಬಿಟ್ಟರೆ ಹಸಿದು ಸಾಯಬಹುದು, ಹೊರಗೆ ತೆಗೆದರೆ ಬಲಿಯದೆ ಸಾಯಬಹುದು. ಮಹಾಭಾರತದ ಆದಿಪರ್ವ ಇದನ್ನು ವಿನತೆಯ ಕಥೆಯಲ್ಲಿ ಇಟ್ಟಿದೆ. ಸವತಿ ಕದ್ರುವಿನ ಸಾವಿರ ಮೊಟ್ಟೆ ಒಡೆದು ಸಾವಿರ ನಾಗಗಳು ಹೊರಬಂದರೂ ವಿನತೆಯ ಎರಡು ಮೊಟ್ಟೆ ಹಾಗೇ ಇದ್ದವು. ತಾಳಲಾರದೆ ಅವಳು ಒಂದನ್ನು ಒಡೆದಳು. ಒಳಗಿದ್ದ ಮಗುವಿಗೆ ಮೇಲಿನ ಅರ್ಧ ಬೆಳೆದಿತ್ತು, ಕೆಳಗಿನ ಅರ್ಧ ಇನ್ನೂ ಆಗಿರಲಿಲ್ಲ. ಆ ಮಗು ಅರುಣ. ತೊಡೆಯಿಲ್ಲದವನೆಂದು ಅನೂರು ಎಂಬ ಹೆಸರೂ ಬಂತು. ಅವಸರ ಮಾಡಿದ ತಾಯಿಗೆ ಅವನು ದಾಸಿಯಾಗೆಂದು ಶಾಪ ಕೊಟ್ಟ. ಇನ್ನೊಂದು ಮೊಟ್ಟೆಯನ್ನು ತಾಳ್ಮೆಯಿಂದ ಕಾಯಿ, ಆ ಮಗ ನಿನ್ನನ್ನು ಬಿಡಿಸುತ್ತಾನೆ ಎಂದೂ ಹೇಳಿದ. ಕಾದದ್ದರಿಂದ ಗರುಡ ಹುಟ್ಟಿದ.

ಕಾಯುವುದೇ ಸರಿಯೆಂದು ಕಥೆ ಸೂಚಿಸುವಂತಿದೆ, ಆದರೆ ವೈದ್ಯರಿಗೆ ಆ ಭರವಸೆಯಿಲ್ಲ. ಬೆಳವಣಿಗೆ ಕುಂಠಿತವಾದ ಕೂಸನ್ನು ಕೂಡಲೇ ಹೆರಿಗೆ ಮಾಡಿಸುವುದೋ ಕಾಯುವುದೋ ಎಂದು ತಿಳಿಯಲು ಯೂರೋಪಿನ 13 ದೇಶಗಳಲ್ಲಿ ನಡೆದ ಗ್ರಿಟ್ ಎಂಬ ಪರೀಕ್ಷೆಯಲ್ಲಿ, ಕೂಡಲೇ ತೆಗೆದಾಗ ಹೊಟ್ಟೆಯಲ್ಲಿ ಸಾಯುವುದು ಕಡಿಮೆಯಾಯಿತು, ಹುಟ್ಟಿ ಸಾಯುವುದು ಹೆಚ್ಚಾಯಿತು. ಒಟ್ಟು ಸಾವು ಎರಡು ಕಡೆಯೂ ಬಹುತೇಕ ಸಮ. ಇವತ್ತು ಹೊಕ್ಕಳಬಳ್ಳಿಯ ರಕ್ತದ ಹರಿವನ್ನು ಡಾಪ್ಲರ್‌ನಲ್ಲಿ ನೋಡಿ, ಶ್ವಾಸಕೋಶ ಬಲಿಯಲು ತಾಯಿಗೆ ಸ್ಟಿರಾಯ್ಡ್ ಚುಚ್ಚಿ, ದಿನ ದಿನವೂ ತೂಗಿ ನಿರ್ಧರಿಸುತ್ತಾರೆ. ವಿನತೆಯ ಕಷ್ಟವೂ ಇದೇ. ಅವಳು ಒಡೆದದ್ದು ಕೇಡಿನಿಂದಲ್ಲ, ಕಾಣದ ಮಗುವನ್ನು ಕಾಣುವ ತಹತಹದಿಂದ. ಆಸ್ಪತ್ರೆಯ ಕಾರಿಡಾರಿನಲ್ಲಿ ಸಹಿ ಹಾಕಲು ಪೆನ್ನು ಹಿಡಿದು ನಿಂತ ಯಾವ ಅಪ್ಪ ಅಮ್ಮನಿಗೂ ಶಾಪ ಸಲ್ಲದು.

ಅರ್ಧಕ್ಕೇ ಹುಟ್ಟಿದ ಅರುಣನ ಬಾಳು ಅರ್ಧವಾಗಲಿಲ್ಲ. ಅವನು ಸೂರ್ಯನ ಸಾರಥಿಯಾದ. ಅವನ ಮಗ ಜಟಾಯು. ಸೋಮಂದೇಪಲ್ಲಿಗೆ ಹತ್ತಿರದ ಲೇಪಾಕ್ಷಿಯಲ್ಲಿ, ರಾವಣನೊಡನೆ ಹೋರಾಡಿ ರೆಕ್ಕೆ ಕತ್ತರಿಸಿಕೊಂಡ ಜಟಾಯು ಬಿದ್ದದ್ದು ಇಲ್ಲೇ, ರಾಮ ‘ಲೇ ಪಕ್ಷಿ’, ಏಳು ಹಕ್ಕಿಯೇ ಎಂದದ್ದರಿಂದಲೇ ಊರಿಗೆ ಆ ಹೆಸರು ಎಂದು ಜನ ಹೇಳುತ್ತಾರೆ. ಅಲ್ಲಿನ ವೀರಭದ್ರನ ಗುಡಿಗೆ ಹರಕೆ ಹೊತ್ತು ಬರುವ ಬಸುರಿಯರಿಗೆ ಆ ಹಕ್ಕಿಯ ಅಪ್ಪ ದಿನ ತುಂಬದೆ ಹುಟ್ಟಿದವನೆಂದು ಯಾರಾದರೂ ಹೇಳಿದರೆ ಒಳ್ಳೆಯದು. ಅದೇ ಆದಿಪರ್ವದಲ್ಲಿ ಹೆಬ್ಬೆರಳಷ್ಟೇ ಗಾತ್ರದ ವಾಲಖಿಲ್ಯ ಋಷಿಗಳೂ ಇದ್ದಾರೆ. ಕಶ್ಯಪನ ಯಾಗಕ್ಕೆ ಎಲ್ಲರೂ ಸೇರಿ ಒಂದು ಕಡ್ಡಿ ಹೊತ್ತು ತರುವಾಗ ಹಸುವಿನ ಗೊರಸಿನ ಗುಳಿಯಲ್ಲಿ ನಿಂತ ನೀರಲ್ಲಿ ಮುಳುಗಿ ಒದ್ದಾಡುತ್ತಿದ್ದರು. ಇಂದ್ರ ಕಂಡು ನಕ್ಕು ದಾಟಿಹೋದ. ಅವರು ಸಿಟ್ಟಿನಿಂದ ಕೈಗೊಂಡ ತಪಸ್ಸಿನ ಫಲವೇ ಗರುಡನೆಂದು, ಅವನ ಮುಂದೆ ಇಂದ್ರ ತಲೆತಗ್ಗಿಸಬೇಕಾಯಿತೆಂದು ಕಥೆ ಮುಂದುವರಿಯುತ್ತದೆ.

ಹುಟ್ಟುವ ಮುಂಚಿನ ಜೀವವನ್ನು ಪರಂಪರೆ ಲೆಕ್ಕಕ್ಕೆ ಹಿಡಿದಿರುವ ಬಗೆಯೂ ಗಾತ್ರವನ್ನು ಕೇಳುವುದಿಲ್ಲ. ಉಪನಯನಕ್ಕೆ ಗರ್ಭಾಷ್ಟಮ ಎನ್ನುವಾಗ ಎಂಟು ವರ್ಷವನ್ನು ಗರ್ಭದಿಂದ ಎಣಿಸುತ್ತಾರೆ. ಬೌದ್ಧ ವಿನಯದಲ್ಲೂ ಭಿಕ್ಷುವಾಗಲು ಬೇಕಾದ ಇಪ್ಪತ್ತು ವರ್ಷವನ್ನು ಬಸುರಿನಿಂದ ಎಣಿಸಬಹುದು. ವೀರಶೈವರಲ್ಲಿ ಎಂಟನೆಯ ತಿಂಗಳಲ್ಲಿ ಹೊಟ್ಟೆಯೊಳಗಿನ ಕೂಸಿಗೇ ಲಿಂಗಸಂಸ್ಕಾರ ಮಾಡುವ ಪದ್ಧತಿಯಿದೆ. ಶ್ವೇತಾಂಬರ ಜೈನರ ಕಲ್ಪಸೂತ್ರದಲ್ಲಿ, ತಾಯಿಗೆ ನೋವಾಗದಿರಲೆಂದು ಮಹಾವೀರ ಗರ್ಭದಲ್ಲಿ ಮಿಸುಕದೆ ನಿಶ್ಚಲನಾಗುತ್ತಾನೆ. ಕೂಸು ಹೋಯಿತೆಂದು ತ್ರಿಶಲೆ ಗೋಳಿಡುತ್ತಾಳೆ, ಅರಮನೆಯ ಹಾಡು ವಾದ್ಯಗಳೆಲ್ಲ ನಿಲ್ಲುತ್ತವೆ. ಅದನ್ನರಿತು ಅವನು ಒಮ್ಮೆ ಸಣ್ಣಗೆ ಅಲುಗುತ್ತಾನೆ. ಅಪ್ಪ ಅಮ್ಮ ಬದುಕಿರುವ ತನಕ ಸಂನ್ಯಾಸ ಹಿಡಿಯುವುದಿಲ್ಲವೆಂದು ಅಲ್ಲೇ ನಿಶ್ಚಯಿಸುತ್ತಾನೆ. ಅಳತೆ ಕಡಿಮೆ ಬಂದ ದಿನದಿಂದ ರಾತ್ರಿಯೆಲ್ಲ ಎಡಮಗ್ಗುಲಾಗಿ ಮಲಗಿ, ಕೈ ಹೊಟ್ಟೆಯ ಮೇಲಿಟ್ಟು ಒದೆತ ಎಣಿಸುವ ಹೆಂಗಸಿಗೆ ತ್ರಿಶಲೆಯ ಆ ಗಳಿಗೆ ಗೊತ್ತು.

ಉಳಿಯದ ಕೂಸುಗಳ ಮಾತು ಕೊನೆಗೆ ಬರುತ್ತದೆ. 1969ರ ಜನನ–ಮರಣ ನೋಂದಣಿ ಕಾಯಿದೆಯ ಪ್ರಕಾರ 28 ವಾರ ದಾಟಿ ಸತ್ತು ಹುಟ್ಟಿದ್ದು ಮಾತ್ರ ದಾಖಲೆಗೆ ಸೇರುತ್ತದೆ. ಅದಕ್ಕೆ ಮುಂಚೆ ಹೋದದ್ದು ಆ ದಾಖಲೆಯಲ್ಲಿ ಇಲ್ಲ. ಅಂಥ ಕೂಸಿಗೆ ಮನೆಯಲ್ಲಿ ತಿಥಿಯಿಲ್ಲ, ಹೆಸರಿಲ್ಲ. ಹೊಲದ ಬದುವಿನಲ್ಲಿ ಗಂಡಸರು ಮಣ್ಣು ಮಾಡಿ ಬರುತ್ತಾರೆ, ಮರುದಿನದಿಂದ ಯಾರೂ ಮಾತೆತ್ತುವುದಿಲ್ಲ. ಮನುಸ್ಮೃತಿಯ ಸೂತಕ ಪ್ರಕರಣದಲ್ಲಿ ಮಾತ್ರ ಒಂದು ಲೆಕ್ಕ ಉಳಿದಿದೆ: ಗರ್ಭ ಇಳಿದುಹೋದರೆ ಎಷ್ಟು ತಿಂಗಳಾಗಿತ್ತೋ ಅಷ್ಟು ರಾತ್ರಿ ಸೂತಕ. ಸೂತಕವೆಂಬ ಮೈಲಿಗೆಯ ಮಾತನ್ನು ಶರಣರು ಒಪ್ಪಲಿಲ್ಲ, ಇಂದು ಒಪ್ಪಬೇಕಾಗಿಯೂ ಇಲ್ಲ. ಆದರೆ ಕೆಲಸಬೊಗಸೆ ಬಿಟ್ಟು ತಾಯಿಯೊಬ್ಬಳು ಸುಮ್ಮನೆ ಕೂರಲು ಆ ಎಣಿಕೆ ಎಡೆ ಮಾಡಿಕೊಡುತ್ತಿತ್ತು. ಅದರಲ್ಲಿ ತೂಕ ಬರುವುದಿಲ್ಲ, ತೊಡೆಯ ಉದ್ದ ಬರುವುದಿಲ್ಲ. ಐದು ತಿಂಗಳಿನ ಕೂಸಿಗೆ ಐದು ರಾತ್ರಿ.